ನೀಲಗಿರಿ ತಾರ್: ಲೆಕ್ಕ ಏರಿದರೂ ಆತಂಕ ಇಳಿಯದ್ದೇಕೆ?

ಪಶ್ಚಿಮ ಘಟ್ಟದ ಎತ್ತರದಲ್ಲಿ ಬದುಕುವ, ಆಡಿನಂತೆ ಕಾಣುವ ಕಾಡುಪ್ರಾಣಿ ನೀಲಗಿರಿ ತಾರ್ ಬಗ್ಗೆ ಈಚೆಗೆ ಬಂದ ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ಓದಿದವರಿಗೆ ಗೊಂದಲವಾಗಿದ್ದರೆ ತಪ್ಪು ಅವರದಲ್ಲ. 2024ರ ಏಪ್ರಿಲ್ ಕೊನೆಗೆ ತಮಿಳುನಾಡು ತನ್ನ ಬೆಟ್ಟಗಳಲ್ಲಿ ಎಣಿಸಿದಾಗ ಲೆಕ್ಕಕ್ಕೆ ಬಂದವು 1,031. ಮರುವರ್ಷ ಅದೇ ತಿಂಗಳಲ್ಲಿ ಎಣಿಸಿದರೆ 1,303. ಆ ಬಾರಿ ಕೇರಳವೂ ಜೊತೆಗೇ ಎಣಿಕೆಗೆ ಇಳಿದಿತ್ತು. ಎರಡೂ ರಾಜ್ಯಗಳ ಲೆಕ್ಕ ಕೂಡಿದರೆ 2,650ರ ಆಸುಪಾಸು. ಚೇತರಿಕೆಯ ಸುದ್ದಿ ಎಂದೇ ಅದು ಓಡಾಡಿತು. ಆದರೆ ವನ್ಯಜೀವಿ ಸಂರಕ್ಷಣಾ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ ಇಂಡಿಯಾ 2015ರಲ್ಲೇ ಕೊಟ್ಟಿದ್ದ ಅಂದಾಜು 3,122. ಹಾಗಾದರೆ ಏರಿತೋ, ಇಳಿಯಿತೋ?

ಇದರ ಮೇಲೆ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಹವಾಮಾನ ಈಗಿನಂತೆಯೇ ಬದಲಾಗುತ್ತ ಹೋದರೆ 2030ರ ದಶಕದಿಂದ ತಾರ್‌ಗೆ ಯೋಗ್ಯವಾದ ನೆಲೆಯಲ್ಲಿ ಶೇ 60ರವರೆಗೆ ಕೈತಪ್ಪಬಹುದು ಎಂದು ಅದು ಹೇಳಿತು. ಇನ್ನು ಫೆಬ್ರುವರಿಯಲ್ಲಿ ಮುನ್ನಾರ್‌ಗೆ ಹೋದ ಬೆಂಗಳೂರಿನ ಪ್ರವಾಸಿಯ ಗೊಂದಲವೇ ಬೇರೆ. ಇರವಿಕುಲಂ ರಾಷ್ಟ್ರೀಯ ಉದ್ಯಾನದ ರಾಜಮಲೆ ಗೇಟಿಗೆ ಬೀಗ ಬಿದ್ದಿರುತ್ತದೆ, ಏಪ್ರಿಲ್‌ವರೆಗೆ ಬಿಡುವುದಿಲ್ಲ ಎಂಬ ಉತ್ತರ ಸಿಗುತ್ತದೆ. ಪ್ರಾಣಿ ಹೆಚ್ಚುತ್ತಿದ್ದರೆ ಇಷ್ಟೆಲ್ಲ ಕಾವಲು ಏಕೆ?

ಈ ಸುದ್ದಿಗಳನ್ನೆಲ್ಲ ಪೋಣಿಸುವ ದಾರ ಒಂದೇ, ಋತು. ಬೆಟ್ಟದ ಪ್ರಾಣಿ ಋತುವಿಗೆ ಎರಡು ಬಗೆಯಲ್ಲಿ ಹೊಂದಿಕೊಳ್ಳುತ್ತದೆ. ದಿನಚರಿಯ ಹೊಂದಾಣಿಕೆ ಬೇಗ ಆಗುತ್ತದೆ, ಕಣ್ಣಿಗೂ ಕಾಣುತ್ತದೆ. ಮರಿ ಹಾಕುವ ಕಾಲದ ಹೊಂದಾಣಿಕೆ ಬಹಳ ನಿಧಾನ. ಮೊದಲನೆಯದನ್ನು ನೋಡಿ ನಾವು ಸಮಾಧಾನಪಡುತ್ತೇವೆ, ಕಷ್ಟ ಕೂತಿರುವುದು ಎರಡನೆಯದರಲ್ಲಿ.

ಹೆಸರಿಗೆ ಆಡು

ತಮಿಳಿನಲ್ಲಿ ಇದು ವರೆಯಾಡು. ವರೆ ಎಂದರೆ ಬೆಟ್ಟದ ಕಡಿದಾದ ಮೈ. ಕೊಡಗು, ಮಲೆನಾಡುಗಳಲ್ಲಿ ‘ಬರೆ ಕುಸಿಯಿತು’ ಎನ್ನುವಾಗಿನ ಬರೆಗೂ ಅದಕ್ಕೂ ನಂಟಿರುವಂತೆ ಕಾಣುತ್ತದೆ. ಆಡು ಮಾತ್ರ ನಮ್ಮದೇ ಆಡು. ಆದರೆ ಹೆಸರನ್ನು ನಂಬುವಂತಿಲ್ಲ. ಹಿಮಾಲಯದ ತಾರ್‌ನ ದಾಯಾದಿ ಎಂದು ಬಹುಕಾಲ ತಿಳಿದಿದ್ದ ಈ ಪ್ರಾಣಿಯನ್ನು 2005ರಲ್ಲಿ ಡಿಎನ್ಎ ಹೋಲಿಕೆಯ ಆಧಾರದ ಮೇಲೆ ನೀಲಗಿರಿಟ್ರಾಗಸ್ ಎಂಬ ಪ್ರತ್ಯೇಕ ಕುಲಕ್ಕೆ ಸೇರಿಸಲಾಯಿತು. ರಕ್ತಸಂಬಂಧದಲ್ಲಿ ಅದು ಆಡಿಗಿಂತ ಕುರಿಗೆ ಹತ್ತಿರ. ‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಯೂ ಇದಕ್ಕೆ ಅಷ್ಟಾಗಿ ಒಗ್ಗದು. ಇದರ ಹೊಟ್ಟೆ ತುಂಬಿಸುವುದು ಮುಖ್ಯವಾಗಿ ಹುಲ್ಲು.

ಹುಲ್ಲಿದ್ದರಷ್ಟೇ ಸಾಲದು, ಪಕ್ಕದಲ್ಲೇ ಕಡಿದಾದ ಬಂಡೆ ಇರಬೇಕು. ಚಿರತೆ ಅಥವಾ ಸೀಳುನಾಯಿ ಬಂದರೆ ತಾರ್ ಓಡುವುದು ಬಯಲಿಗಲ್ಲ, ಮನುಷ್ಯನ ಹೆಬ್ಬೆರಳಿಗೂ ಹಿಡಿತ ಸಿಗದಂಥ ಬಂಡೆಯ ಅಂಚಿಗೆ. ಹುಲ್ಲು ಮೇಯುವ ಜಾಗಕ್ಕೂ ಓಡಿಹೋಗುವ ಜಾಗಕ್ಕೂ ನಡುವೆ ದೂರ ಹೆಚ್ಚಾದಷ್ಟೂ ಆ ಹುಲ್ಲು ಇದ್ದೂ ಇಲ್ಲದಂತೆ. ಹೀಗೆ ಎರಡೂ ಕೂಡಿಬರುವ ಜಾಗ ಪಶ್ಚಿಮ ಘಟ್ಟದಲ್ಲಿ ನೀಲಗಿರಿಯಿಂದ ದಕ್ಷಿಣಕ್ಕೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ತುಂಡುತುಂಡಾಗಿ ಹರಡಿದೆ. ಕುದುರೆಮುಖದಲ್ಲೂ ಮುಳ್ಳಯ್ಯನಗಿರಿಯಲ್ಲೂ ಇಂಥದೇ ಹುಲ್ಲುಬೆಟ್ಟ, ಅದರ ಮಡಿಕೆಗಳಲ್ಲಿ ಶೋಲಾ ಕಾಡು ಇದ್ದರೂ ನೀಲಗಿರಿಯಿಂದ ಉತ್ತರಕ್ಕೆ ಇಂದು ಒಂದು ತಾರ್ ಕೂಡ ಇಲ್ಲ.

ಮಳೆಯಲ್ಲಿ ಬೆದೆ, ಮಾಗಿಯಲ್ಲಿ ಮರಿ

ತಾರ್‌ನ ವರ್ಷ ಶುರುವಾಗುವುದು ಮುಂಗಾರಿನಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ, ಇರವಿಕುಲಂನ ಬೆಟ್ಟಗಳ ಮೇಲೆ ಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಯುವ ದಿನಗಳಲ್ಲಿ, ಅದುವರೆಗೆ ದೂರದೂರವಿದ್ದ ದೊಡ್ಡ ಹೋತಗಳು ಹೆಣ್ಣುಗಳ ಹಿಂಡಿಗೆ ಬಂದು ಸೇರುತ್ತವೆ. ವಯಸ್ಸಾದ ಹೋತವನ್ನು ಗುರುತಿಸುವುದು ಸುಲಭ: ಕಪ್ಪು ಮೈ, ಬೆನ್ನಿನ ಮೇಲೆ ಕುದುರೆಗೆ ಜೀನು ಹೊದಿಸಿದಂತೆ ಬೆಳ್ಳಿ ಬಣ್ಣದ ಮಚ್ಚೆ. ಮಂಜಿನಲ್ಲಿ ಕೊಂಬಿಗೆ ಕೊಂಬು ತಾಗಿಸಿ ಕಾದಾಡುವುದು, ಹೆಣ್ಣಿನ ಹಿಂದೆ ಸುತ್ತುವುದು ಎಲ್ಲ ಈ ಕಾಲದಲ್ಲೇ.

ಗಬ್ಬದ ಅವಧಿ ಸುಮಾರು ಆರು ತಿಂಗಳು. ಮುಂಗಾರಿಗೆ ಆರು ತಿಂಗಳು ಕೂಡಿಸಿದರೆ ಜನವರಿ, ಫೆಬ್ರುವರಿ. ಮೇಲ್ನೋಟಕ್ಕೆ ಇದು ಈಯಲು ತೀರಾ ಕೆಟ್ಟ ಕಾಲ. ಮುನ್ನಾರ್ ಸುತ್ತಿನ ಎತ್ತರದ ಕಣಿವೆಗಳಲ್ಲಿ ರಾತ್ರಿ ಉಷ್ಣಾಂಶ ಸೊನ್ನೆಗೆ ಇಳಿದು ಹುಲ್ಲಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಹುಲ್ಲು ಒಣಗಿ ಬಿರುಸಾಗಿರುತ್ತದೆ. ಹಾಲೂಡುವ ತಾಯಿಗೆ ಮೇವು ಹೆಚ್ಚು ಬೇಕಾದ ಹೊತ್ತಿಗೆ ಮೇವೇ ಕಡಿಮೆ.

ಆದರೂ ಈ ಕಾಲವೇ ಏಕೆ? ಮರಿಯ ಕಡೆಯಿಂದ ನೋಡಿದರೆ ಲೆಕ್ಕ ಬಿಡಿಸಿಕೊಳ್ಳುತ್ತದೆ. ಜನವರಿಯಲ್ಲಿ ಚಳಿ ಇದ್ದರೂ ಆಕಾಶ ತಿಳಿಯಾಗಿರುತ್ತದೆ, ಬೆಳಗಾದರೆ ಬಿಸಿಲು ಕಾಯಿಸಬಹುದು. ಮರಿ ಹುಲ್ಲು ಕಡಿಯಲು ಕಲಿಯುವ ಏಪ್ರಿಲ್ ಹೊತ್ತಿಗೆ ಬೇಸಿಗೆಯ ಮಳೆ ಬಿದ್ದು ಎಳೆ ಚಿಗುರು ಎದ್ದಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಜೂನ್‌ನ ಶೀತ ಗಾಳಿಮಳೆ ಬಂದಾಗ ಮರಿಗೆ ನಾಲ್ಕೈದು ತಿಂಗಳು ತುಂಬಿ ಮೈಯಲ್ಲಿ ಕೊಬ್ಬು, ಕಾಲಲ್ಲಿ ಕಸುವು ಬಂದಿರಬೇಕು. ಮಳೆಗಾಲದಲ್ಲಿ ಹುಟ್ಟಿದ ಮರಿ ನೆನೆದು ಸಾಯುವ ಸಾಧ್ಯತೆಯೇ ಹೆಚ್ಚು. ತಾಯಿ ಕಷ್ಟಪಟ್ಟಾದರೂ ಮರಿಗೆ ಮೂರು ಒಳ್ಳೆಯ ತಿಂಗಳು ಗಿಟ್ಟಿಸಿಕೊಡುವ ವ್ಯವಸ್ಥೆ ಇದು. ವರ್ಷದ ಬೇರೆ ತಿಂಗಳುಗಳಲ್ಲೂ ಒಂದೊಂದು ಮರಿ ಹುಟ್ಟುವುದುಂಟು, ಆದರೆ ಬಹುಪಾಲು ಈ ಕಿಂಡಿಯಲ್ಲೇ.

ಗೇಟು ಮುಚ್ಚುವುದು ಇದಕ್ಕೇ

ಈಯುವ ಹೆಣ್ಣು ಹಿಂಡು ಬಿಟ್ಟು ಬಂಡೆಯ ಕಡಿದಾದ ಜಾಗಕ್ಕೆ ಸರಿಯುತ್ತದೆ. ಮೊದಲ ಕೆಲವು ದಿನ ಮರಿಗೆ ರಕ್ಷಣೆ ಆ ಬಂಡೆಯೇ. ಅಲ್ಲಿಂದ ತಾಯಿಯನ್ನು ಬೆದರಿಸಿ ಎಬ್ಬಿಸಿದರೆ ಎರಡು ನಷ್ಟ: ಹಾಲೂಡುವ ಹೊತ್ತು ಹೋಗುತ್ತದೆ, ಮೊದಲೇ ಸೊರಗಿದ ತಾಯಿಯ ಶಕ್ತಿಯೂ ಹೋಗುತ್ತದೆ. ರಾಜಮಲೆಯ ಪ್ರವಾಸಿ ರಸ್ತೆ ಹಾದುಹೋಗುವುದು ಇಂಥ ಇಳಿಜಾರುಗಳ ಪಕ್ಕದಲ್ಲೇ. ಹೀಗಾಗಿ ಸಾಮಾನ್ಯವಾಗಿ ಫೆಬ್ರುವರಿ, ಮಾರ್ಚ್ ಎರಡು ತಿಂಗಳು ಪ್ರವೇಶ ಬಂದ್.

97 ಚದರ ಕಿಲೋಮೀಟರ್ ಉದ್ಯಾನದಲ್ಲಿ ಪ್ರವಾಸಿಗರಿಗೆ ಬಿಡುವುದು ಒಂದು ಮೂಲೆ ಮಾತ್ರ. ಅದನ್ನೂ ಮುಚ್ಚಿದರೆ ಟ್ಯಾಕ್ಸಿ, ಹೋಟೆಲ್ ನೆಚ್ಚಿದವರ ಗತಿ ಏನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ 2025ರ ಎಣಿಕೆಯಲ್ಲಿ ಇರವಿಕುಲಂ ಒಂದರಲ್ಲೇ 841 ತಾರ್‌ಗಳಿದ್ದವು, ಅಂದರೆ ಜಗತ್ತಿನ ಒಟ್ಟು ಸಂಖ್ಯೆಯ ಮೂರರಲ್ಲಿ ಒಂದು ಪಾಲು. ಎರಡು ತಿಂಗಳ ಬೀಗ ಅದಕ್ಕೆ ದುಬಾರಿ ಬೆಲೆ ಎನಿಸುವುದಿಲ್ಲ.

ದಿನಚರಿ ಬಾಗುತ್ತದೆ, ಪಂಚಾಂಗ ಬಾಗುವುದಿಲ್ಲ

ಬಿಸಿಲು ಏರಿದ ದಿನ ತಾರ್ ಏನು ಮಾಡುತ್ತದೆ? ಬೆಳಗ್ಗೆ ಬೇಗ ಮೇದು ಮುಗಿಸುತ್ತದೆ. ಹತ್ತು ಗಂಟೆಯ ನಂತರ ಹಿಂಡು ಬಂಡೆಯ ನೆರಳಿಗೆ ಸರಿದು ಮಲಗಿ ಮೆಲುಕು ಹಾಕುತ್ತದೆ. ಒಂದು ಹೆಣ್ಣು ಮಾತ್ರ ಎತ್ತರದ ಕಲ್ಲಿನ ಮೇಲೆ ನಿಂತು ಕಣಿವೆಯ ಕಡೆ ಕಣ್ಣಿಟ್ಟಿರುತ್ತದೆ. ಬಿಸಿಲು ಇಳಿದ ಮೇಲೆ ಮತ್ತೆ ಮೇವು. ಚಳಿಗಾಲದ ಬೆಳಗ್ಗೆ ಬಿಸಿಲು ಮೊದಲು ಬೀಳುವ ಇಳಿಜಾರು, ಮಳೆಗಾಲದಲ್ಲಿ ಗಾಳಿಗೆ ಮರೆಯಾದ ಇಳಿಜಾರು. ಇದೆಲ್ಲ ದಿನದಿನದ, ಗಂಟೆಗಂಟೆಯ ಹೊಂದಾಣಿಕೆ.

ಇಂಥ ಹೊಂದಾಣಿಕೆಗೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಹೆಚ್ಚು ಸ್ಪಷ್ಟವಾಗಿ ತೋರಿಸಿರುವುದು ಯುರೋಪಿನ ಆಲ್ಪ್ಸ್ ಪರ್ವತದ ಕಾಡು ಆಡು, ಐಬೆಕ್ಸ್. ಇಟಲಿಯ ಗ್ರಾನ್ ಪರಾಡಿಸೊ ಮತ್ತು ಸ್ವಿಸ್ ರಾಷ್ಟ್ರೀಯ ಉದ್ಯಾನಗಳಲ್ಲಿ 47 ಐಬೆಕ್ಸ್‌ಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ 2006ರಿಂದ 2019ರವರೆಗೆ ಕಲೆಹಾಕಿದ ಮಾಹಿತಿಯ ವಿಶ್ಲೇಷಣೆ 2024ರಲ್ಲಿ ಪ್ರಕಟವಾಯಿತು. ಹಗಲು ಬಿಸಿ ಏರಿದಷ್ಟೂ ಇವು ರಾತ್ರಿ ಹೆಚ್ಚು ಓಡಾಡುತ್ತವೆ. ತೋಳಗಳಿರುವ ಪ್ರದೇಶದಲ್ಲೂ ಹಾಗೆಯೇ ಮಾಡುತ್ತವೆ. ಕಾಪಾಡುವ ಬಂಡೆಯ ಮೇಲೆ ಕಾಲಿಡಲು ಕಣ್ಣು ಕಾಣಬೇಕು; ಕತ್ತಲಲ್ಲಿ ಮೇಯುವುದೆಂದರೆ ಅಪಾಯವನ್ನು ಗೊತ್ತಿದ್ದೂ ಒಪ್ಪಿಕೊಳ್ಳುವುದು. ದೊಡ್ಡ ಮೈಯ ಗಂಡು ಐಬೆಕ್ಸ್‌ಗಳು ಬಿಸಿ ದಿನಗಳಲ್ಲಿ ಮೇವು ಬಿಟ್ಟು ಎತ್ತರಕ್ಕೆ ಏರುತ್ತವೆ, ಅಲ್ಲಿ ಹುಲ್ಲು ಕಡಿಮೆ ಇದ್ದರೂ ಸರಿ. ತಂಪು ಸಿಗುತ್ತದೆ, ಹೊಟ್ಟೆ ಅರ್ಧ ತುಂಬುತ್ತದೆ. ಸಾಲ ಮಾಡಿ ಸಂಸಾರ ನಡೆಸಿದ ಹಾಗೆ.

ಮರಿ ಹಾಕುವ ಪಂಚಾಂಗದ ಕತೆ ಬೇರೆ. ಆಲ್ಪ್ಸ್‌ನಲ್ಲಿ ಬೇಸಿಗೆಯ ಉದ್ದನೆಯ ಹಗಲಿಗೂ ಚಳಿಗಾಲದ ಗಿಡ್ಡ ಹಗಲಿಗೂ ಸುಮಾರು ಏಳು ಗಂಟೆಗಳ ವ್ಯತ್ಯಾಸ. ಬೆದೆಯ ಕಾಲ ನಿಗದಿಯಾಗುವುದು ಮುಖ್ಯವಾಗಿ ಈ ಹಗಲಿನ ಅಳತೆಯಿಂದ. ಹಗಲಿನ ಅಳತೆ ಹವಾಮಾನದೊಂದಿಗೆ ಬದಲಾಗುವುದಿಲ್ಲ, ಹಿಮ ಕರಗುವ ದಿನ ಬದಲಾಗುತ್ತದೆ. ಐಬೆಕ್ಸ್ ಮರಿ ಜೂನ್‌ನಲ್ಲೇ ಹುಟ್ಟುತ್ತದೆ, ಹುಲ್ಲು ಮಾತ್ರ ಮೊದಲಿಗಿಂತ ಬೇಗ ಚಿಗುರಿ ಬೇಗ ಬಲಿತಿರುತ್ತದೆ. ಹಿಮ ನಿಧಾನವಾಗಿ ಕರಗಿದರೆ ಚಿಗುರು ಕೆಳಗಿನಿಂದ ಮೇಲಕ್ಕೆ ಹಂತಹಂತವಾಗಿ ಏರುತ್ತದೆ, ಪ್ರಾಣಿಗಳು ಅದರ ಬೆನ್ನು ಹಿಡಿದು ವಾರಗಟ್ಟಲೆ ಎಳೆ ಹುಲ್ಲೇ ತಿನ್ನುತ್ತವೆ. ಎಲ್ಲೆಡೆ ಒಟ್ಟಿಗೇ ಕರಗಿದರೆ ಎಲ್ಲ ಹುಲ್ಲೂ ಒಟ್ಟಿಗೇ ಬಲಿಯುತ್ತದೆ. ಹಸಿರು ತೀರಾ ವೇಗವಾಗಿ ಏರಿದ ವರ್ಷಗಳಲ್ಲಿ ಐಬೆಕ್ಸ್ ಮರಿಗಳು ಬದುಕುಳಿಯುವುದು ಕಡಿಮೆ ಎಂದು 2007ರ ಅಧ್ಯಯನ ತೋರಿಸಿತು.

ನೀಲಗಿರಿ ತಾರ್ ಸಮಭಾಜಕಕ್ಕೆ ಹತ್ತಿರದ ಪ್ರಾಣಿ. ಮುನ್ನಾರ್‌ನ ಅಕ್ಷಾಂಶದಲ್ಲಿ ಹಗಲಿನ ವ್ಯತ್ಯಾಸ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದ್ದರಿಂದ ಆಲ್ಪ್ಸ್‌ನ ಪಾಠವನ್ನು ಹಾಗೇ ತಂದು ಇಲ್ಲಿ ಅಂಟಿಸುವಂತಿಲ್ಲ. ಇಲ್ಲಿನ ಕಿಂಡಿಯ ಎರಡು ಕದಗಳು ಮಳೆಯವು: ಏಪ್ರಿಲ್‌ನ ಬೇಸಿಗೆ ಮಳೆ, ಜೂನ್‌ನ ಮುಂಗಾರು. ಮೊದಲನೆಯದು ಕೈಕೊಟ್ಟರೆ ಮರಿಗೆ ಎಳೆ ಹುಲ್ಲಿಲ್ಲ. ಎರಡನೆಯದು ಒಂದೇ ಸಲ ಮುಗಿಬಿದ್ದರೆ ಬೆಟ್ಟವೇ ಜಾರುತ್ತದೆ. ರಾಜಮಲೆಯ ಪಕ್ಕದ ಪೆಟ್ಟಿಮುಡಿಯಲ್ಲಿ 2020ರ ಆಗಸ್ಟ್ 6ರ ರಾತ್ರಿ ಗುಡ್ಡ ಕುಸಿದು ಚಹಾ ತೋಟದ ಕಾರ್ಮಿಕರ ಸಾಲುಮನೆಗಳು ಮುಚ್ಚಿಹೋದದ್ದು, 70 ಜನ ಸತ್ತದ್ದು ಅಥವಾ ಕಣ್ಮರೆಯಾದದ್ದು ಇದೇ ಇಳಿಜಾರುಗಳಲ್ಲಿ.

ಹೆಚ್ಚಾದ 272 ಎಲ್ಲಿಂದ ಬಂದವು?

ಈಗ ಎಣಿಕೆಗೆ ಬರೋಣ. ಒಂದೇ ವರ್ಷದಲ್ಲಿ 1,031 ಇದ್ದದ್ದು 1,303 ಆಗಲು ಸಾಧ್ಯವೇ? ಕೈಬೆರಳಲ್ಲೇ ಲೆಕ್ಕ ಹಾಕಬಹುದು. 1,031ರಲ್ಲಿ ಈಯುವ ವಯಸ್ಸಿನ ಹೆಣ್ಣು 450 ಎಂದೇ ಉದಾರವಾಗಿ ಇಟ್ಟುಕೊಳ್ಳೋಣ. ತಾರ್ ಸಾಮಾನ್ಯವಾಗಿ ಹಾಕುವುದು ಒಂದೇ ಮರಿ. 450 ಮರಿ ಹುಟ್ಟಿದರೂ ಚಿರತೆ, ಸೀಳುನಾಯಿ, ರೋಗ, ಮುಪ್ಪು ಎಲ್ಲ ಸೇರಿ ಮರಿ ಮತ್ತು ದೊಡ್ಡವುಗಳಲ್ಲಿ ಸತ್ತದ್ದು 178 ಮೀರಿರಬಾರದು. ಕಾಗದದ ಮೇಲೆ ಆಗಬಹುದು, ಬೆಟ್ಟದ ಮೇಲೆ ಕಷ್ಟ. ಏರಿಕೆಯ ದೊಡ್ಡ ಪಾಲು ಹೆಚ್ಚು ಜಾಗ ಸುತ್ತಿದ್ದರಿಂದ, ಪಳಗಿದ ಕಣ್ಣುಗಳಿಂದ ಬಂದದ್ದು ಎಂದು ತಿಳಿಯುವುದೇ ವಿವೇಕ. ಇದು ಅರಣ್ಯ ಇಲಾಖೆಗೆ ಅವಮಾನವಲ್ಲ. ಮೊದಲ ಎಣಿಕೆ ತಪ್ಪಿಸಿಕೊಂಡದ್ದನ್ನು ಎರಡನೆಯದು ಹಿಡಿದರೆ ಅದೂ ಲಾಭವೇ. 2015ರ 3,122ಕ್ಕೂ ಈ ಮಾತು ಅನ್ವಯಿಸುತ್ತದೆ. ವಿಧಾನ ಬೇರೆ, ತಂಡ ಬೇರೆ. ಎರಡರ ನಡುವೆ ಗೆರೆ ಎಳೆದು ‘ಕುಸಿತ’ ಎನ್ನುವುದು ಎಷ್ಟು ದುಡುಕೋ, 2024 ಮತ್ತು 2025ರ ನಡುವೆ ಗೆರೆ ಎಳೆದು ‘ಜಿಗಿತ’ ಎನ್ನುವುದೂ ಅಷ್ಟೇ ದುಡುಕು.

ಇನ್ನೂ ಒಂದು ಸೂಕ್ಷ್ಮ. ಎಣಿಕೆ ನಡೆಯುವುದು ಏಪ್ರಿಲ್ ಕೊನೆಗೆ. ಅದಕ್ಕೆ ಕಾರಣಗಳೂ ಸರಿಯಾಗಿವೆ: ಮಂಜು ಕವಿದಿರುವುದಿಲ್ಲ, ಮರಿಗಳು ತಾಯಿಯ ಜೊತೆ ಬಯಲಿಗೆ ಬಂದಿರುತ್ತವೆ. ಆದರೆ ಆ ಮರಿಗಳು ಮೊದಲ ಮಳೆಗಾಲವನ್ನು ಇನ್ನೂ ಕಂಡಿರುವುದಿಲ್ಲ. ಅಂದರೆ ನಾವು ಓದುವ ಸಂಖ್ಯೆ ವರ್ಷದ ಅತಿ ಹೆಚ್ಚಿನ ಸಂಖ್ಯೆ, ಸುಗ್ಗಿಯ ದಿನ ಕಣಜ ಅಳೆದ ಹಾಗೆ.

ಗ್ರಾನ್ ಪರಾಡಿಸೊದಲ್ಲಿ 1956ರಿಂದ ತಪ್ಪದೆ ಎಣಿಕೆ ನಡೆದಿದೆ. ಅಲ್ಲಿ 1980ರ ದಶಕದಿಂದ ಹಿಮ ಕಡಿಮೆಯಾಗಿ ಚಳಿಗಾಲ ಸೌಮ್ಯವಾದಾಗ ಐಬೆಕ್ಸ್ ಸಂಖ್ಯೆ ಏರಿ 1993ರ ಹೊತ್ತಿಗೆ ಸುಮಾರು 5,000 ಮುಟ್ಟಿತು. ಎಲ್ಲರೂ ಸಂತೋಷಪಟ್ಟರು. ಆದರೆ ಅದೇ ಅವಧಿಯಲ್ಲಿ ಮೊದಲ ವರ್ಷ ದಾಟುವ ಮರಿಗಳ ಪಾಲು ಇಳಿಯತೊಡಗಿತ್ತು. ಸೌಮ್ಯ ಚಳಿಗಾಲದಿಂದ ಬದುಕುಳಿದ ಮುದಿ ಪ್ರಾಣಿಗಳು ಒಟ್ಟು ಲೆಕ್ಕವನ್ನು ಎತ್ತಿ ಹಿಡಿದಿದ್ದವು. ಅವು ಸತ್ತ ಮೇಲೆ ಸಂಖ್ಯೆ ಅರ್ಧಕ್ಕೆ ಬಿತ್ತು. ಕಾರಣ ಮುಪ್ಪಾದ ತಾಯಂದಿರೋ ಬೇಗ ಬಲಿಯುವ ಹುಲ್ಲೋ ಎಂಬ ಚರ್ಚೆ ಇನ್ನೂ ಇದೆ. ಒಟ್ಟು ಸಂಖ್ಯೆ ಮಾತ್ರ ಅಪಾಯದ ಸುಳಿವನ್ನು ವರ್ಷಗಟ್ಟಲೆ ತಡವಾಗಿ ಕೊಟ್ಟಿತು ಎಂಬುದರಲ್ಲಿ ಚರ್ಚೆಯಿಲ್ಲ.

ತಾಪವೋ, ಬಂಡೆಯೋ?

2018ರ ಮುನ್ನಂದಾಜಿನ ಪ್ರಕಾರ ಇರವಿಕುಲಂ, ಚಿನ್ನಾರ್, ಪರಂಬಿಕುಲಂ ಸುತ್ತಿನ ನೆಲೆಗಳು ಸ್ಥಿರವಾಗಿ ಉಳಿಯಬಹುದು. ದಕ್ಷಿಣದ ಕಳಕ್ಕಾಡು–ಮುಂಡಂತುರೈ, ಶ್ರೀವಿಲ್ಲಿಪುತ್ತೂರು ಮುಂತಾದ ಕಡೆ ನಷ್ಟ ಹೆಚ್ಚು. ಇದರ ಹಿಂದಿನ ತರ್ಕ ಸರಳ. ದಕ್ಷಿಣ ಭಾರತದ ಅತಿ ಎತ್ತರದ ಆನೆಮುಡಿಯೇ 2,695 ಮೀಟರ್. ಬಿಸಿ ಏರಿದರೆ ಐಬೆಕ್ಸ್‌ಗೆ ಹತ್ತಲು ಇನ್ನೊಂದು ಸಾವಿರ ಮೀಟರ್ ಬೆಟ್ಟವಿದೆ, ತಾರ್‌ಗೆ ಇಲ್ಲ. ಪಕ್ಕದ ಬೆಟ್ಟಕ್ಕೆ ಹೋಗೋಣವೆಂದರೆ ನಡುವಿನ ಕಣಿವೆಯಲ್ಲಿ ಚಹಾ ತೋಟ, ರಸ್ತೆ, ಅಣೆಕಟ್ಟು.

ಇದಕ್ಕೆ ಎದುರು ವಾದವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ತಾರ್ ಎತ್ತರದ ತಂಪಿಗೇ ಕಟ್ಟುಬಿದ್ದ ಪ್ರಾಣಿ ಅಲ್ಲ. ಅಳಿಯಾರ್‌ನಿಂದ ವಾಲ್ಪಾರೈಗೆ ಏರುವ 40 ತಿರುವುಗಳ ಘಾಟಿ ರಸ್ತೆಯಲ್ಲಿ, ಬಯಲಿನ ಬಿಸಿಗಾಳಿ ತಾಗುವ ಎತ್ತರದಲ್ಲೇ, ತಡೆಗೋಡೆಯ ಮೇಲೆ ನಿಂತ ತಾರ್‌ಗಳನ್ನು ಬಸ್ ಪ್ರಯಾಣಿಕರೂ ನೋಡುತ್ತಾರೆ. ಅದಕ್ಕೆ ಬೇಕಾದ್ದು ಕಡಿದಾದ ಬಂಡೆ ಮತ್ತು ಹುಲ್ಲು, ಬೇಟೆ ಮತ್ತು ತೋಟಗಳು ಅದನ್ನು ಮೇಲಕ್ಕೆ ತಳ್ಳಿದವು ಎನ್ನುತ್ತದೆ ಈ ವಾದ. ಹಾಗಿದ್ದರೆ ಇಂದು ಎಲ್ಲಿ ಉಳಿದಿದೆ ಎಂಬುದರ ಮೇಲೆ ಕಟ್ಟಿದ ಕಂಪ್ಯೂಟರ್ ಮಾದರಿ, ಮನುಷ್ಯ ಓಡಿಸಿದ್ದನ್ನು ಹವಾಮಾನದ ಆಯ್ಕೆ ಎಂದು ತಪ್ಪು ತಿಳಿದಿರಬಹುದು.

ಎರಡೂ ವಾದಗಳು ಒಂದು ಕಡೆ ಕೂಡುತ್ತವೆ. ತಾಪ ಮುಖ್ಯವಾದರೂ ಬಂಡೆ ಮುಖ್ಯವಾದರೂ ಹುಲ್ಲು ಬೇಕೇ ಬೇಕು. ಬ್ರಿಟಿಷರ ಕಾಲದಲ್ಲೂ ಸ್ವಾತಂತ್ರ್ಯದ ನಂತರವೂ ಈ ಹುಲ್ಲುಬೆಟ್ಟಗಳನ್ನು ‘ಬಂಜರು’ ಎಂದು ಬಗೆದು ವಾಟಲ್, ನೀಲಗಿರಿ, ಪೈನ್‌ನಂಥ ಹೊರದೇಶದ ಮರಗಳನ್ನು ನೆಡಲಾಯಿತು. ವಾಟಲ್ ಈಗ ಯಾರೂ ನೆಡದಿದ್ದರೂ ತಾನೇ ಹಬ್ಬುತ್ತಿದೆ. ನಮ್ಮ ಮಲೆನಾಡಿನ ಬ್ಯಾಣಗಳಲ್ಲಿ, ಅಂದರೆ ಹುಲ್ಲುಗಾವಲುಗಳಲ್ಲಿ, ಅಕೇಶಿಯಾ ಮಾಡಿದ ಕೆಲಸವನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಬೆಂಕಿಯ ಜಗಳ

ಇರವಿಕುಲಂನಲ್ಲಿ ಚಳಿಗಾಲದ ತೇವ ಆರುವ ಮುನ್ನ ಹುಲ್ಲಿನ ಸಣ್ಣ ಸಣ್ಣ ತುಂಡುಗಳನ್ನು ಸರದಿಯಂತೆ ಸುಡುವ ಪದ್ಧತಿಯಿದೆ. ಮುದುವಾನ್ ಬುಡಕಟ್ಟಿನವರು ಇದರಲ್ಲಿ ಪಳಗಿದ ಕೈ. ಸುಟ್ಟ ಕೆಲ ವಾರಗಳಲ್ಲಿ ಕಪ್ಪು ನೆಲದಿಂದ ಎದ್ದ ಚಿಗುರನ್ನು ತಾರ್‌ಗಳು ತುಟಿಯಂಚಿನಲ್ಲೇ ಕತ್ತರಿಸಿ ತಿನ್ನುತ್ತವೆ. ಸುಡದಿದ್ದರೆ ಹಳೆ ಹುಲ್ಲು ರಾಶಿಬಿದ್ದು ಮಾರ್ಚ್‌ನಲ್ಲಿ ದೊಡ್ಡ ಕಾಡ್ಗಿಚ್ಚಿಗೆ ಸೌದೆಯಾಗುತ್ತದೆ ಎಂಬುದು ಒಂದು ಪಕ್ಷ. ಮಣ್ಣು ಸವೆಯುತ್ತದೆ, ಶೋಲಾ ಅಂಚಿನ ಸಸಿಗಳೂ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳೂ ಸಾಯುತ್ತವೆ ಎಂಬುದು ಇನ್ನೊಂದು. ಋತು ಬದಲಾದರೆ ಈ ಜಗಳದ ಸ್ವರೂಪವೂ ಬದಲಾಗುತ್ತದೆ: ಚಳಿಗಾಲ ಬೇಗ ಒಣಗಿದಷ್ಟೂ ತಣ್ಣನೆಯ ಬೆಂಕಿ ಇಡಬಹುದಾದ ದಿನಗಳು ಕಡಿಮೆ, ಕೈಮೀರುವ ಬೆಂಕಿಯ ದಿನಗಳು ಹೆಚ್ಚು.

ಮುಂದೆ ಏನಾಗಬಹುದು

ತಮಿಳುನಾಡು 25.14 ಕೋಟಿ ರೂಪಾಯಿಯ ಐದು ವರ್ಷಗಳ ತಾರ್ ಯೋಜನೆಯನ್ನು 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಎಣಿಕೆ, ಕೊರಳಿಗೆ ರೇಡಿಯೊ ಪಟ್ಟಿ ಕಟ್ಟುವುದು, ನೀಲಗಿರಿಯ ಮೇಲ್ಭವಾನಿಯಲ್ಲಿ ಹುಲ್ಲುಗಾವಲಿನ ಪುನಶ್ಚೇತನ, ಹಿಂದೆ ಇದ್ದು ಈಗ ಖಾಲಿಯಾದ ಬೆಟ್ಟಗಳಿಗೆ ತಾರ್‌ಗಳನ್ನು ಮತ್ತೆ ಬಿಡುವುದು ಎಲ್ಲ ಅದರಲ್ಲಿವೆ. ಕೊನೆಯದು ಎಲ್ಲಕ್ಕಿಂತ ತೊಡಕಿನದು. ಯಾವ ಬೆಟ್ಟಕ್ಕೆ ಬಿಡಬೇಕು? ತಾಪದ ವಾದ ನಂಬಿದರೆ ಎತ್ತರದ ಬೆಟ್ಟಕ್ಕೆ, ಬಂಡೆಯ ವಾದ ನಂಬಿದರೆ ತಗ್ಗಿನ ಕಡಿದಾದ ಬಂಡೆಗಳಿಗೂ ಬಿಡಬಹುದು. ಇದನ್ನು ತೀರ್ಮಾನಿಸಲು ಏಪ್ರಿಲ್‌ನ ಒಟ್ಟು ಸಂಖ್ಯೆ ಉಪಯೋಗಕ್ಕೆ ಬಾರದು. ಮಳೆಗಾಲ ಮುಗಿದ ಮೇಲೆ, ನವೆಂಬರ್ ಹೊತ್ತಿಗೆ, ನೂರು ಹೆಣ್ಣುಗಳ ಜೊತೆ ಎಷ್ಟು ಮರಿ ಉಳಿದಿವೆ ಎಂದು ಬೆಟ್ಟಬೆಟ್ಟಕ್ಕೂ ಬೇರೆಬೇರೆಯಾಗಿ ಎಣಿಸಬೇಕು. ಮುಂದಿನ ವರದಿಯಲ್ಲಿ ಓದುಗರು ಹುಡುಕಬೇಕಾದ ಅಂಕಿ ಅದು.

ಯೋಜನೆಯ ಅವಧಿ 2027ಕ್ಕೆ ಮುಗಿಯುತ್ತದೆ. 2018ರಲ್ಲಿ ಅರಳಿದ್ದ ಇರವಿಕುಲಂನ ನೀಲಕುರಿಂಜಿ ಹನ್ನೆರಡು ವರ್ಷಗಳ ಲೆಕ್ಕದಲ್ಲಿ ಮತ್ತೆ ಅರಳಬೇಕಾದದ್ದು 2030ರಲ್ಲಿ. ಅದು ಅರಳುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ, ಹೋತಗಳು ಹಿಂಡಿನಲ್ಲೇ ಇರುವ, ಹೆಣ್ಣುಗಳು ಆಗಷ್ಟೇ ಗಬ್ಬ ಕಟ್ಟಿರುವ ಹೊತ್ತಿನಲ್ಲಿ. ಆಗ ರಾಜಮಲೆಯ ಗೇಟು ತೆರೆದೇ ಇರುತ್ತದೆ.